ನಾಲ್ಕು ದಿನ ನಿಂತ ನೋಟಿಸು

ಮೇ 12, ಸೋಮವಾರ

ಕಳೆದ ವರ್ಷ ಆಗಸ್ಟ್ ಇಪ್ಪತ್ತೇಳರಿಂದ ಸೆಪ್ಟೆಂಬರ್ ಇಪ್ಪತ್ತೈದರವರೆಗೆ, ಮೂವತ್ತು ದಿನ, ಈ ಊರನ್ನು ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. ಊರಿನ ಪಶ್ಚಿಮಕ್ಕೆ ಎಂಟು ಶೆಡ್ಡು ಕಟ್ಟಿ ಮೂರು ಲಕ್ಷ ನಲವತ್ತು ಸಾವಿರ ಮೊಟ್ಟೆಕೋಳಿ ಸಾಕಲಿದ್ದಾರೆ, ಆಕ್ಷೇಪಣೆ ಇದ್ದರೆ ಹೇಳಿ ಎಂದು ಪುರಸಭೆಯವರು ಲೈಬ್ರರಿಯ ಬೋರ್ಡಿನಲ್ಲಿ ನೋಟಿಸು ಹಾಕಿ, ಅದನ್ನು ಮೂವತ್ತು ದಿನ ಮುಟ್ಟದೆ ಬಿಡಬೇಕು ಎಂಬುದು ಕಾನೂನು. ಆ ನೋಟಿಸನ್ನು ಓದಿದವರು ಊರಲ್ಲಿ ಒಬ್ಬರೂ ಇಲ್ಲ. ಯಾರೂ ಆಕ್ಷೇಪಿಸಲಿಲ್ಲ ಎಂದು ಬರೆದುಕೊಂಡು ಅನುಮತಿ ಕೊಟ್ಟರು. ಮಾರ್ಚಿನಲ್ಲಿ ಕೋಳಿಗಳ ಲಾರಿ ಬಂತು. ಈಗ ಪಡುವಣ ಗಾಳಿ ಬೀಸಿದರೆ ಊಟದ ತಟ್ಟೆ ಬಿಟ್ಟು ಏಳಬೇಕು ಅನ್ನಿಸುತ್ತದೆ.

ಮೂವತ್ತನಾಲ್ಕು ವರ್ಷ ಆ ಲೈಬ್ರರಿ ನಡೆಸಿದವಳು ನಾನು. ಆ ಬೋರ್ಡಿಗೆ ಬಿದ್ದ ಪ್ರತಿಯೊಂದು ಕಾಗದವನ್ನೂ ಓದಿದವಳು. ಹಿಂದೆ ಚರ್ಮದ ಕಾರ್ಖಾನೆ ಬರುವುದಿದ್ದಾಗ ನೋಟಿಸನ್ನು ಮೊದಲು ಕಂಡವಳು ನಾನೇ. ಅದನ್ನು ಕೈಯಲ್ಲಿ ನಕಲು ಮಾಡಿ ಬೀದಿ ಬೀದಿಗೆ ಕೊಟ್ಟು ಬಂದೆ, ಕಾರ್ಖಾನೆ ಬರಲಿಲ್ಲ. ಅಂಥ ಬೋರ್ಡಿನ ಹೆಸರಿನಲ್ಲಿ ಇಂಥ ಮೋಸ. ಜೂನ್ ಹದಿನೇಳಕ್ಕೆ ಅನುಮತಿಯ ಮರುವಿಚಾರಣೆ ಇದೆ. ನಮ್ಮ ಸಮಿತಿಯ ಅರ್ಜಿ ನಿಂತಿರುವುದು ಈ ಒಂದೇ ಕಾಲಿನ ಮೇಲೆ: ನೋಟಿಸು ಮೂವತ್ತು ದಿನ ಇರಲಿಲ್ಲ. ಅದು ಒಪ್ಪಿತವಾದರೆ ಅನುಮತಿ ರದ್ದು. ಆಗದಿದ್ದರೆ ಕೋಳಿಗಳ ಜೊತೆ ಬದುಕುವುದು ಕಲಿಯಬೇಕು.

ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಲ್ಲ, ಅದಕ್ಕೆ ಈ ಪುಸ್ತಕ. ಬೋರ್ಡಿನಿಂದ ತೆಗೆದ ಹಳೆಯ ನೋಟಿಸುಗಳನ್ನು ತಂಗಿಗೆ ಕೊಡುವುದು ನನ್ನ ಹಳೆಯ ಚಾಳಿ. ಅವಳು ತನ್ನ ದೊಡ್ಡ ಕತ್ತರಿಯಲ್ಲಿ ಒಂದೊಂದನ್ನೂ ನಾಲ್ಕು ತುಂಡು ಮಾಡಿ, ಬೆನ್ನಿಗೆ ಯಂತ್ರದಲ್ಲಿ ಹೊಲಿಗೆ ಹಾಕಿ ಪುಸ್ತಕ ಮಾಡುತ್ತಾಳೆ. ಬಲಪುಟ ಖಾಲಿ, ಎಡಪುಟದಲ್ಲಿ ಯಾವುದೋ ನೋಟಿಸಿನ ಕಾಲುಭಾಗ. ಇವತ್ತು ಪುಟ ತಿರುವಿದಾಗ ಸಿಕ್ಕಿದ್ದು: "ಕಳೆದಿದೆ. ಕಪ್ಪು ಕೊಡೆ, ಹಿಡಿಕೆಯಲ್ಲಿ ಬಾತುಕೋಳಿಯ". ಬಾತುಕೋಳಿಯ ಏನು ಎಂಬುದು ಇನ್ನೊಂದು ತುಂಡಿಗೆ ಹೋಗಿದೆ.

ಮೇ 15, ಗುರುವಾರ

ಸಮಿತಿಯ ಸಭೆ. ಬೇಕರಿಯವರು ಅಧ್ಯಕ್ಷರು, ಹನ್ನೆರಡು ಕುರ್ಚಿ ಇರುವುದು ಅವರ ಹಿಂದಿನ ಕೋಣೆಯಲ್ಲಿ ಮಾತ್ರ. ವಕೀಲೆ ಬಂದಿದ್ದಳು. ಚಿಕ್ಕಂದಿನಲ್ಲಿ ನನ್ನ ಲೈಬ್ರರಿಯ ನೆಲದ ಮೇಲೆ ಕಾಲು ಚಾಚಿ ಓದುತ್ತಿದ್ದ ಹುಡುಗಿ, ಈಗ ಕನ್ನಡಕದ ಮೇಲಿನಿಂದ ನೋಡುತ್ತಾಳೆ.

ಶೆಡ್ಡು ಕಟ್ಟಿದ ಕಂಪನಿಯವರು ಒಂದು ಫೋಟೊ ಕಳಿಸಿದ್ದಾರೆ. ನಮ್ಮ ಬೋರ್ಡೇ. ಕೆಳಗೆ ಬಲಮೂಲೆಯಲ್ಲಿ ನೋಟಿಸು, ಪುರಸಭೆಯ ಮೊಹರು, ಆಗಸ್ಟ್ 27. ನಾಲ್ಕು ಮೂಲೆಯೂ ಇಸ್ತ್ರಿ ಹಾಕಿದ ಹಾಗೆ ಕೂತಿರುವುದನ್ನು ನೋಡಿದರೆ ಯಾರ ಕೈ ಎಂದು ಕೇಳಬೇಕಾಗಿಲ್ಲ. ಗೋಂದಣ್ಣ. ಪುರಸಭೆಯ ಜವಾನ, ಇಪ್ಪತ್ತೆಂಟು ವರ್ಷದಿಂದ ಊರಿನ ಗೋಡೆಗಳಿಗೆಲ್ಲ ಸರ್ಕಾರವನ್ನು ಅಂಟಿಸಿದವನು. ಮೈದಾ ಹಿಟ್ಟು ಕುದಿಸಿ, ಹುಳ ಬೀಳದಂತೆ ಚಿಟಿಕೆ ನೀಲಿ ಮೈಲುತುತ್ತ ಹಾಕಿ ತಾನೇ ಗೋಂದು ಮಾಡುತ್ತಾನೆ. ಮಳೆಗೂ ಬಿಡುವುದಿಲ್ಲ ಅದು.

ಲೈಬ್ರರಿಯ ಎದುರಿನ ಸ್ಟೇಷನರಿ ಅಂಗಡಿಯವರು ಬರೆದುಕೊಟ್ಟಿದ್ದಾರೆ: ಸೆಪ್ಟೆಂಬರ್ ಎರಡಕ್ಕೆ ತಮ್ಮ ಜಾಹೀರಾತು ಹಚ್ಚಲು ಹೋದಾಗ ಬೋರ್ಡು ಪೂರ್ತಿ ಬರಿದಾಗಿತ್ತು. ಅಂದರೆ ಇಪ್ಪತ್ತೇಳಕ್ಕೆ ಇತ್ತು, ಎರಡಕ್ಕೆ ಇರಲಿಲ್ಲ. ನಡುವೆ ತೆಗೆದವರು ಯಾರು?

ನಾನು ಹೇಳಿದೆ: ಅಂಟಿಸಿದವನೇ ಫೋಟೊ ಹೊಡೆಸಿಕೊಂಡು ಕಿತ್ತುಕೊಂಡು ಹೋಗಿದ್ದಾನೆ, ಕಂಪನಿಯವರು ಮಾಡಿಸಿದ್ದಾರೆ, ಇದನ್ನೂ ಅರ್ಜಿಯಲ್ಲಿ ಬರೆಯಬೇಕು. ವಕೀಲೆ ಪೆನ್ನು ಎತ್ತಿ ಹಿಡಿದೇ ಕೇಳಿದಳು, "ನೋಡಿದವರು ಇದಾರಾ ಮೇಡಂ?"

"ನೋಡಬೇಕಾಗಿಲ್ಲ. ಮೂವತ್ತನಾಲ್ಕು ವರ್ಷ ಆ ಬೋರ್ಡು ನನ್ನ ಕಣ್ಣೆದುರಿಗಿತ್ತು."

ಬರೆದುಕೊಂಡಳು.

ಮೇ 16, ಶುಕ್ರವಾರ

ತಂಗಿಯ ಮನೆಗೆ ಹೋಗಿದ್ದೆ. ಶೆಡ್ಡಿನ ಬೇಲಿಯಿಂದ ಅವಳ ಅಡುಗೆಮನೆ ಕಿಟಕಿಗೆ ಮುನ್ನೂರು ಹೆಜ್ಜೆ, ನಾನೇ ಎಣಿಸಿದ್ದೇನೆ. ಫ್ಯಾನುಗಳ ಗುಂಯ್ಗುಡುವಿಕೆ ನಿಲ್ಲುವುದೇ ಇಲ್ಲ. ನಿಂತರೆ ಕೋಳಿ ಸಾಯುತ್ತವಂತೆ.

ಅವಳು ಆಸ್ಪತ್ರೆಯವರಿಗೆ ಬಿಳಿ ಕೋಟು ಹೊಲಿಯುತ್ತಾಳೆ. ಬಿಳಿ ಬಟ್ಟೆಯ ಮೇಲೆ ನೊಣ ಕೂತು ಎದ್ದರೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಉಜ್ಜಿದರೆ ಕಂದು ಬಣ್ಣಕ್ಕೆ ಹರಡುತ್ತದೆ. ಹೋದ ವಾರ ಹತ್ತೊಂಬತ್ತು ಕೋಟು ವಾಪಸು ಬಂದಿವೆ. ಈಗ ಬಾಗಿಲು ಕಿಟಕಿ ಹಾಕಿಕೊಂಡು, ಯಂತ್ರದ ಸುತ್ತ ಸೊಳ್ಳೆಪರದೆ ಕಟ್ಟಿಕೊಂಡು, ಅದರೊಳಗೆ ಕೂತು ಹೊಲಿಯುತ್ತಾಳೆ. ಹೊರಗಿನಿಂದ ನೋಡಿದರೆ ಅವಳೇ ಪಂಜರದಲ್ಲಿ ಇದ್ದ ಹಾಗೆ. ಹೇಳಿದೆ. "ದಿನಕ್ಕೊಂದು ಮೊಟ್ಟೆ ಇಡು ಅನ್ನಲಿಲ್ಲವಲ್ಲ ಯಾರೂ, ಪುಣ್ಯ" ಅಂದಳು. ನಕ್ಕರೆ ಕೆಮ್ಮು ಬರುತ್ತದೆ ಅವಳಿಗೆ, ಬಂತು. ಬಾವಿಯ ನೀರನ್ನು ಪಾತ್ರೆ ತೊಳೆಯುವುದಕ್ಕೂ ಬಳಸುತ್ತಿಲ್ಲ.

ಮನೆ ಬಿಟ್ಟು ನನ್ನಲ್ಲಿಗೆ ಬಾ ಎಂದು ಮೂರನೆಯ ಸಲ ಕರೆದೆ. ಹದಿನೇಳರ ವಿಚಾರಣೆ ಆಗಲಿ, ನೋಡೋಣ ಎಂದಳು.

ಮೇ 22, ಗುರುವಾರ

ಗೋಂದಣ್ಣ ಬಂದಿದ್ದ. ಅಮಾನತು ಮಾಡಿದ್ದಾರೆ. ನಮ್ಮ ಅರ್ಜಿ ಓದಿ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದಾರಂತೆ. ನಾನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡಬೇಕೋ ಬೇಡವೋ ಎಂದು ನೋಡುತ್ತಿದ್ದ.

"ಅಂಟಿಸಿದ್ದು ನಾನು ಮೇಡಂ. ಕೀಳೋದು ನನ್ನ ಕೆಲಸ ಅಲ್ಲ."

"ಹಾಗಾದರೆ ಯಾರು ಕಿತ್ತರು, ಹೇಳು."

"ನೀವು ಒಂಚೂರು ನೆನಪು ಮಾಡ್ಕೊಳ್ಳಿ" ಎಂದು ಹೊರಟುಹೋದ.

ನಾನು ನೆನಪು ಮಾಡಿಕೊಳ್ಳಬೇಕಂತೆ. ಈ ಊರಿನಲ್ಲಿ ಯಾವ ಸೇತುವೆ ಯಾವ ವರ್ಷ ಕುಸಿಯಿತು ಎಂದು ನನ್ನನ್ನು ಕೇಳಿ ಬರೆದುಕೊಂಡು ಹೋಗುತ್ತಾರೆ ಜನ.

ಮೇ 23, ಶುಕ್ರವಾರ

ಸರಿಯಾಗಿಯೇ ಆಗಿದೆ ಅವನಿಗೆ. ಯಾಕೋ ಬೆಳಗಿನಿಂದ ಓದಿದ್ದು ತಲೆಗೆ ಹೋಗುತ್ತಿಲ್ಲ.

ಮೇ 30, ಶುಕ್ರವಾರ

ಕಂಪನಿಯ ಮ್ಯಾನೇಜರು ಸಮಿತಿಯ ಪ್ರತಿಯೊಬ್ಬರ ಮನೆಗೂ ಮೂವತ್ತು ಮೊಟ್ಟೆಯ ಟ್ರೇ ಕಳಿಸಿದ. ಜೊತೆಗೆ ಚೀಟಿ: ನೆರೆಹೊರೆಯವರ ವಿಶ್ವಾಸಕ್ಕಾಗಿ. ನನ್ನದನ್ನು ವಾಪಸು ಕಳಿಸಿದೆ. ಸಭೆಯಲ್ಲಿ ಕೇಳಿದರೆ ಕಳಿಸಿದವಳು ನಾನೊಬ್ಬಳೇ. ಬೇಕರಿಯವರು ಮೇಜಿನ ಮೇಲಿನ ಕೇಕಿನ ಚೂರನ್ನು ಬೆರಳಲ್ಲಿ ಒತ್ತುತ್ತಾ ಹೇಳಿದರು, ಮಾರ್ಚಿನಿಂದ ತಾವು ಕೊಳ್ಳುತ್ತಿರುವುದೂ ಅಲ್ಲಿನ ಮೊಟ್ಟೆಯೇ.

"ಏನು ಮಾಡ್ಲಿ ಹೇಳಿ. ದಿನಾ ಆರು ನೂರು ಮೊಟ್ಟೆ ಬೇಕು. ಅಂಗಳದಲ್ಲಿ ಕೋಳಿ ಸಾಕೋರು ಊರಲ್ಲಿ ಯಾರಿದಾರೆ ಈಗ?"

ನಾವು ಬೇಡ ಎನ್ನುತ್ತಿರುವುದು ಏನನ್ನು ಹಾಗಾದರೆ? ಮೊಟ್ಟೆ ಬೇಕು, ವಾಸನೆ ಬೇಡ, ನೊಣ ಬೇಡ. ಇನ್ಯಾವುದೋ ಊರಿನ ತಂಗಿಯ ಕಿಟಕಿಯ ಹೊರಗೆ ಇದ್ದರೆ ಅಡ್ಡಿಯಿಲ್ಲವೇ? ಕೇಳಿದೆ. ಇಂಥ ಶೆಡ್ಡುಗಳ ಬಗ್ಗೆ ನಾಲ್ಕಾರು ಪುಸ್ತಕ ಓದಿದ್ದೇನೆ. ಒಂದು ಕೋಳಿಗೆ ಸಿಗುವ ಜಾಗ ಈ ಪುಸ್ತಕ ಬಿಚ್ಚಿಟ್ಟಷ್ಟೂ ಇಲ್ಲ ಎಂದು ಗೊತ್ತು. ಗೊತ್ತಿದ್ದೂ ಆ ಕೇಕಿನಲ್ಲಿ ಒಂದು ಚೂರು ತಿಂದೆ. ಮೊಟ್ಟೆ ಎಲ್ಲಿಯದು ಎಂದು ಹೇಳಿದ ಮೇಲೆ ತಿಂದೆನೋ, ಮೊದಲೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ.

ಜೂನ್ 4, ಬುಧವಾರ

ಪುಟ ತಿರುವಿದೆ. ಎಡಪುಟದಲ್ಲಿ:

"ಷ ನಲವತ್ತು ಸಾವಿರ ಮೊಟ್ಟೆಕೋ
ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿ
ಲಿಖಿತವಾಗಿ ಸಲ್ಲಿಸತಕ್ಕ"

ಇವತ್ತು ಬೇರೇನೂ ಬರೆಯುವುದಿಲ್ಲ.

ಜೂನ್ 5, ಗುರುವಾರ

ಬೆಳಿಗ್ಗೆ ಮತ್ತೆ ತೆಗೆದು ನೋಡಿದೆ. ಇದೆ.

ಮೊದಲು ಅನ್ನಿಸಿದ್ದು: ಇದು ಬೇರೆ ಪ್ರತಿ ಇರಬೇಕು. ಪುರಸಭೆಯಿಂದ ಹೆಚ್ಚಿನ ಪ್ರತಿ ಲೈಬ್ರರಿಗೆ ಬಂದು ರದ್ದಿಯಲ್ಲಿ ಸೇರಿರಬಹುದು. ಆಮೇಲೆ ಅನ್ನಿಸಿತು: ಗೋಂದಣ್ಣನೇ ತೆಗೆದು ನನ್ನ ಕಟ್ಟಿನೊಳಗೆ ಸೇರಿಸಿರಬಹುದು. ಆಮೇಲೆ ಅಂಚನ್ನು ಬೆರಳಿಂದ ಮುಟ್ಟಿ ನೋಡಿದೆ. ಒರಟಾಗಿದೆ. ಒಣಗಿದ ಗೋಂದು, ಕಂಡೂ ಕಾಣದಷ್ಟು ನೀಲಿ. ಬೋರ್ಡಿನ ಮೇಲೆ ಇದ್ದ ಹಾಳೆಯೇ.

ಗೋಂದಣ್ಣನ ಗೋಂದನ್ನು ಹಾಳೆ ಹರಿಯದಂತೆ ಬಿಡಿಸುವ ವಿದ್ಯೆ ಊರಿನಲ್ಲಿ ಒಬ್ಬರಿಗೇ ಗೊತ್ತು. ಬಿಸಿನೀರಿನ ಒದ್ದೆ ಬಟ್ಟೆಯನ್ನು ಮೂಲೆಗೆ ಒತ್ತಿ ನೂರರವರೆಗೆ ಎಣಿಸಬೇಕು.

ಪ್ರತಿ ತಿಂಗಳ ಕೊನೆಯ ದಿನ ಬೋರ್ಡು ಖಾಲಿ ಮಾಡುತ್ತಿದ್ದೆ. ಮೊದಲು ಒಂದೊಂದನ್ನೂ ಓದಿ, ದಿನ ಬಾಕಿ ಇರುವುದನ್ನು ಬಿಟ್ಟು, ಉಳಿದದ್ದು ತೆಗೆಯುವುದು ಕ್ರಮ. ಕಳೆದ ಆಗಸ್ಟ್ ಮೂವತ್ತೊಂದು ನನ್ನ ಕೆಲಸದ ಕೊನೆಯ ದಿನವೂ ಹೌದು. ಏನೇನು ನೆನಪಿದೆ: ಯಾರು ಯಾರು ಭಾಷಣ ಮಾಡಿದರು, ಮೈಕು ಎರಡು ಸಲ ಕೈಕೊಟ್ಟಿತು, ವಕೀಲೆ ಅತ್ತಳು. ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ನಿಂತದ್ದೂ ನೆನಪಿದೆ. ಹೊಸಬಳಿಗೆ ಬೋರ್ಡು ಸ್ವಚ್ಛ ಮಾಡಿ ಒಪ್ಪಿಸಬೇಕು ಎಂದುಕೊಂಡದ್ದೂ ನೆನಪಿದೆ. ಕೆಳಗಿನ ಬಲಮೂಲೆ ನೆನಪಿಗೆ ಬರುತ್ತಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ಅಲ್ಲಿ ಬರೀ ಹಲಗೆ ಕಾಣುತ್ತದೆ.

ಆದರೂ ಮೊಹರು, ತಾರೀಕು ಇರುವ ತುಂಡು ಸಿಗದೆ ಏನನ್ನೂ ಖಚಿತವಾಗಿ ಹೇಳುವಂತಿಲ್ಲ.

ಜೂನ್ 7, ಶನಿವಾರ

ಅದೇ ಕಟ್ಟಿನಿಂದ ತಂಗಿ ತನಗೂ ಒಂದು ಪುಸ್ತಕ ಮಾಡಿಕೊಂಡಿದ್ದಾಳೆ, ಅಳತೆ ಬರೆಯುವುದಕ್ಕೆ. ಸೊಳ್ಳೆಪರದೆಯೊಳಗೆ ಅವಳ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪುಟ ಮಗುಚಿದೆ. ಯಾವುದೋ ನರ್ಸಿನ ತೋಳಿನ ಅಳತೆಯ ಹಿಂಬದಿಯಲ್ಲಿ ಮೊಹರು ಇತ್ತು. ಆಗಸ್ಟ್ 27.

ಅವಳು ಯಂತ್ರ ನಿಲ್ಲಿಸಿ ಬಗ್ಗಿ ಓದಿದಳು. ಅರ್ಥವಾಗುವುದಕ್ಕೆ ಹೊತ್ತು ಹಿಡಿಯಲಿಲ್ಲ.

"ಕತ್ತರಿಸುವಾಗ ನೀನು ನೋಡಲಿಲ್ಲವೇನೇ?" ಎಂದೆ. ಎಂಥ ಮಾತು ಅದು, ಆದರೆ ಬಾಯಿಂದ ಮೊದಲು ಬಂದದ್ದು ಅದೇ.

"ನಾನು ಓದೋಕೆ ಕತ್ತರಿಸ್ತೀನಾ ಅಕ್ಕ? ಓದೋಳು ನೀನು."

ಫ್ಯಾನಿನ ಸದ್ದು. ಪರದೆಯ ಹೊರಗೆ ನೊಣ. ಅವಳು ಆ ಹಾಳೆಯನ್ನು ಹೊಲಿಗೆಯಿಂದ ಮೆಲ್ಲಗೆ ಬಿಡಿಸಿ, ಎರಡು ಬೆರಳಲ್ಲಿ ಹಿಡಿದು, ಕಡ್ಡಿಪೆಟ್ಟಿಗೆ ಇರುವ ಕಡೆ ನೋಡಿದಳು.

"ಸುಟ್ಟುಬಿಡ್ಲಾ?"

ಬೇಡ ಎನ್ನುವುದಕ್ಕೆ ನನಗೆ ತಡವಾಯಿತು. ಎಷ್ಟು ತಡವಾಯಿತು ಎಂಬುದನ್ನು ಇಲ್ಲಿ ಬರೆಯಬಾರದು ಎಂದುಕೊಂಡಿದ್ದೆ. ಅವಳೇ ಹಾಳೆಯನ್ನು ನನ್ನ ಮಡಿಲಿಗಿಟ್ಟು ಹೇಳಿದಳು: "ಮೊನ್ನೆ ಗೋಂದಣ್ಣ ಬಂದಿದ್ರು. ಆಫೀಸಿನ ಅಂಗಿ ತಂದಿದ್ರು. ಜೇಬಿನ ಮೇಲಿನ ಬಿಲ್ಲೆ ಬಿಚ್ಚಿಕೊಡಮ್ಮ, ಆಫೀಸಿಗೆ ವಾಪಸು ಕೊಡಬೇಕಂತೆ, ನಾನು ಕಿತ್ತರೆ ಬಟ್ಟೆ ಹರಿಯುತ್ತೆ ಅಂದ್ರು."

ಜೂನ್ 10, ಮಂಗಳವಾರ

ವಕೀಲೆಗೆ ಎರಡು ತುಂಡನ್ನೂ ತೋರಿಸಿದೆ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದಳು.

ಅವಳು ಹೇಳಿದ್ದು ಇಷ್ಟು. ಕಾನೂನು ಕೇಳುವುದು ನೋಟಿಸು ಮೂವತ್ತು ದಿನ ಇತ್ತೋ ಇಲ್ಲವೋ ಎಂದು. ಇರಲಿಲ್ಲ. ಅಂಗಡಿಯವರ ಸಾಕ್ಷಿ ಸಾಕು, ನಾವು ಗೆಲ್ಲಬಹುದು. ತೆಗೆದದ್ದು ಸಮಿತಿಯವಳೇ ಎಂದು ಗೊತ್ತಾದರೆ, ತಾವೇ ಕಿತ್ತು ತಾವೇ ದೂರುತ್ತಿದ್ದಾರೆ ಎಂದು ಕಂಪನಿಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

"ಸುಳ್ಳು ಹೇಳಿ ಅಂತಿಲ್ಲ ಮೇಡಂ. ಕೇಳದೆ ಇದ್ದರೆ ಹೇಳಬೇಡಿ ಅಂತಿದೀನಿ."

"ಗೋಂದಣ್ಣ?"

"ಅವರ ಮೇಲಿನ ಆರೋಪ ವಾಪಸು ತಗೊಳ್ಳೋಣ. ಸಾಕ್ಷಿ ಇಲ್ಲ ಅಂತ."

ಸಾಕ್ಷಿ ಇಲ್ಲ ಎಂದರೆ ಮಾಡಿಲ್ಲ ಎಂದಲ್ಲವಲ್ಲ. ಊರು ಹಾಗೆಯೇ ಇಟ್ಟುಕೊಳ್ಳುತ್ತದೆ ಅದನ್ನು. ಊರಿನ ನೆನಪು ಹೇಗೆ ಕೆಲಸ ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇಷ್ಟು ವರ್ಷ ಅದನ್ನು ಹೇಳಿಕೊಂಡು ಓಡಾಡಿದವಳು ನಾನೇ.

ಮನೆಗೆ ಬರುವ ದಾರಿಯಲ್ಲಿ, ಹೇಳಬಾರದು ಎಂದು ತೀರ್ಮಾನಿಸಿದೆ. ಬೀಗ ತೆಗೆಯುವಾಗ ಹೇಳಬೇಕು ಎನ್ನಿಸಿತು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಮತ್ತೆ ಮೊದಲಿನ ಹಾಗೆ. ಒಂದು ಕಡೆ ತಂಗಿಯ ಕೆಮ್ಮು, ಇನ್ನೊಂದು ಕಡೆ ಆ ಅಂಗಿ. ನ್ಯಾಯ ಅನ್ಯಾಯ ಎಂದು ಎಷ್ಟೋ ಓದಿದ್ದೇನೆ. ಎರಡೂ ಕಡೆ ನಾನೇ ನಿಂತಿದ್ದರೆ ಏನು ಮಾಡಬೇಕು ಎಂದು ಓದಿದ ನೆನಪಿಲ್ಲ.

ಜೂನ್ 13, ಶುಕ್ರವಾರ

ಗೋಂದಣ್ಣನವರ ಮನೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಮನೆ ಯಾವುದೆಂದು ಎರಡು ಕಡೆ ಕೇಳಬೇಕಾಯಿತು. ಹೆಂಡತಿ ಬಾಗಿಲು ತೆಗೆದು, ನನ್ನನ್ನು ನೋಡಿ ಒಳಗೆ ಹೋದರು. ಗೋಂದಣ್ಣನವರು ಹಿತ್ತಲಲ್ಲಿ ಕೂತು ಗೋಂದಿನ ಬಕೆಟ್ಟನ್ನು ಕೆರೆಯುತ್ತಿದ್ದರು, ಕೆಲಸವಿಲ್ಲದಿದ್ದರೂ.

"ನಿಮಗೆ ಗೊತ್ತಿತ್ತಾ?" ಎಂದೆ.

"ಮೂವತ್ತೊಂದನೇ ತಾರೀಕು ಸಂಜೆ ಬಂದಿದ್ದೆನಲ್ಲ ಮೇಡಂ, ನಿಮ್ಮ ಬೀಳ್ಕೊಡುಗೆಗೆ. ಬೋರ್ಡು ತೊಳೆದಿಟ್ಟ ಹಾಗಿತ್ತು."

"ಆಗಲೇ ಯಾಕೆ ಹೇಳಲಿಲ್ಲ?"

"ಎಲ್ಲರೂ ನಿಮ್ಮನ್ನ ಹೊಗಳ್ತಾ ಇದ್ರು. ಆ ಹೊತ್ತಲ್ಲಿ ಏನಂತ ಹೇಳೋದು." ಬಕೆಟ್ಟು ಬೋರಲು ಹಾಕಿದರು. "ಆಮೇಲೆ ಆಫೀಸಲ್ಲಿ ಸಾಹೇಬರ ಹತ್ರ ಇನ್ನೊಂದು ಪ್ರತಿ ಕೇಳ್ದೆ, ಬೋರ್ಡಲ್ಲಿ ಇಲ್ಲ, ಮತ್ತೆ ಅಂಟಿಸ್ತೀನಿ ಅಂತ. ಫೋಟೊ ತೆಗೆದಾಯ್ತಲ್ಲ, ಸುಮ್ನಿರು ಅಂದ್ರು."

ಇದನ್ನು ಎರಡು ಸಲ ಹೇಳಿಸಿದೆ. ಎರಡು ಸಲವೂ ಒಂದೇ ಮಾತು.

"ಅಮಾನತು ಮಾಡಿದ ಮೇಲಾದರೂ ಹೇಳಬಹುದಿತ್ತಲ್ಲ. ನಮ್ಮ ಮನೆ ಬಾಗಿಲಿಗೇ ಬಂದಿದ್ದಿರಿ."

"ನೀವೇ ಹೇಳ್ತೀರ ಅಂತ ಕಾಯ್ತಾ ಇದ್ದೆ."

ಕುರ್ಚಿ ತರುತ್ತೇನೆ ಎಂದರು. ನಾನು ಕೂರಲಿಲ್ಲ. ಕೂತಿದ್ದರೆ ಏಳುತ್ತಿದ್ದೆನೋ ಇಲ್ಲವೋ.

ಜೂನ್ 16, ಸೋಮವಾರ

ತಂಗಿಗೆ ಹೇಳಿದೆ, ನಾಳೆ ಹೇಳಿಬಿಡುತ್ತೇನೆ, ನಾವು ಸೋಲಬಹುದು ಎಂದು. ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ, "ಹಾಗಾದ್ರೆ ನಿನ್ನ ಮನೆಯಲ್ಲಿ ಯಂತ್ರ ಇಡೋಕೆ ಕಿಟಕಿ ಪಕ್ಕ ಜಾಗ ಮಾಡು" ಅಂದಳು. ಸಿಟ್ಟಿನಿಂದಲೋ, ಒಪ್ಪಿಗೆಯಿಂದಲೋ, ತಿಳಿಯಲಿಲ್ಲ. ಕಿಟಕಿ ಪಕ್ಕದ ಪುಸ್ತಕದ ಕಪಾಟು ಸರಿಸಿದ್ದೇನೆ.

ಜೂನ್ 17, ಮಂಗಳವಾರ

ಹೇಳಿದೆ.

ಪುರಸಭೆಯ ಸಭಾಂಗಣ ತುಂಬಿತ್ತು. ವಿಚಾರಣಾಧಿಕಾರಿ ನನ್ನ ಹೆಸರು ಕರೆದಾಗ ವಕೀಲೆ ನನ್ನ ಕಡೆ ನೋಡಲಿಲ್ಲ. ಎರಡು ತುಂಡನ್ನು ಮೇಜಿನ ಮೇಲಿಟ್ಟು, ನೋಟಿಸು ನಾಲ್ಕು ದಿನ ನಿಂತಿತ್ತು, ಐದನೆಯ ದಿನ ಬೆಳಿಗ್ಗೆ ತೆಗೆದದ್ದು ನಾನು, ಓದದೆ ತೆಗೆದೆ, ಗೋಂದಣ್ಣನವರ ಮೇಲೆ ಹೊರಿಸಿದ್ದು ತಪ್ಪು ಎಂದೆ. ಹಿಂದಿನಿಂದ ಯಾರೋ "ಥೂ" ಎಂದರು. ಬೇಕರಿಯವರು ಎಂದು ಅನ್ನಿಸಿತು; ಆಗಿರಲಿಕ್ಕಿಲ್ಲ. ಕಂಪನಿಯ ವಕೀಲರು ಎದ್ದು, ಇನ್ನು ವಿಚಾರಿಸುವುದಕ್ಕೆ ಏನು ಉಳಿದಿದೆ ಎಂದು ನಗುತ್ತಲೇ ಕೇಳಿದರು.

ಆಗ ಗೋಂದಣ್ಣನವರು ಎದ್ದು ನಿಂತರು. ಬಿಲ್ಲೆ ಬಿಚ್ಚಿದ ಅಂಗಿ, ಜೇಬಿನ ಮೇಲೆ ಬಣ್ಣ ಮಾಸದ ಒಂದು ಚೌಕ. ಇನ್ನೊಂದು ಪ್ರತಿ ಕೇಳಿದ್ದನ್ನೂ, ಸುಮ್ಮನಿರು ಎಂದದ್ದನ್ನೂ ಹೇಳಿದರು. ಯಾರು ಹೇಳಿದ್ದು ಎಂದು ಅಧಿಕಾರಿ ಕೇಳಿದಾಗ, ವೇದಿಕೆಯ ಮೇಲೆ ಪುರಸಭೆಯವರು ಕೂತಿದ್ದ ಸಾಲನ್ನು ನೋಡಿ, "ಅವರೇ ಹೇಳ್ಲಿ" ಎಂದರು. ಸಾಲಿನವರು ತಮ್ಮ ತಮ್ಮ ಕಾಗದ ತಿರುವತೊಡಗಿದರು. ಆದೇಶ ಕಾಯ್ದಿರಿಸಲಾಗಿದೆ ಎಂದು ಅಧಿಕಾರಿ ಓದಿ ಮುಗಿಸಿದರು.

ಸೋತೆವೋ ಗೆದ್ದೆವೋ ವಕೀಲೆಗೂ ಗೊತ್ತಿಲ್ಲ. ಮೆಟ್ಟಿಲ ಮೇಲೆ ನನ್ನೊಡನೆ ಮಾತಾಡಿದವರು ಇಬ್ಬರು, ಮಾತಾಡದೆ ಹೋದವರು ಉಳಿದವರೆಲ್ಲ. ಹೊರಗೆ ಪಡುವಣ ಗಾಳಿ, ಅದೇ ವಾಸನೆ. ಎಲ್ಲರೂ ಒಟ್ಟಿಗೇ ಮೂಗು ಮುಚ್ಚಿಕೊಂಡರು.

ಜೂನ್ 19, ಗುರುವಾರ

ಇದು ಈ ಪುಸ್ತಕದ ಕೊನೆಯ ಹಾಳೆ. ಇವತ್ತು ಬೆಳಿಗ್ಗೆ ಲೈಬ್ರರಿಯ ಬೋರ್ಡಿಗೆ ಒಂದು ಕಾಗದ ಹಾಕಿಸಿದೆ. ಹೊಸ ಹಾಳೆ, ಎರಡು ಅಡಿ ಅಗಲ, ದಪ್ಪ ಅಕ್ಷರ. ಅಂಟಿಸಿದ್ದು ಗೋಂದಣ್ಣನವರು, ನಾನು ಬಕೆಟ್ಟು ಹಿಡಿದುಕೊಂಡಿದ್ದೆ. ನಕಲು ಇಲ್ಲಿರಲಿ:

"ಪುರಸಭೆಗೆ. ಕಳೆದ ಆಗಸ್ಟ್ ಮೂವತ್ತೊಂದರಂದು ಈ ಬೋರ್ಡಿನಿಂದ ಕೋಳಿ ಶೆಡ್ಡುಗಳ ನೋಟಿಸನ್ನು ತೆಗೆದವಳು ನಾನು. ನನ್ನ ತಪ್ಪಿಗೆ ಸಭೆಯಲ್ಲಿ ಎಲ್ಲರೆದುರು ಉತ್ತರ ಕೊಟ್ಟಿದ್ದೇನೆ. ಬೋರ್ಡಿನ ಮೂಲೆಯಲ್ಲಿ ಒಂದು ಕಾಗದ ಅಂಟಿಸಿ ಅದರ ಫೋಟೊ ತೆಗೆದರೆ ಒಂದು ಊರನ್ನು ಕೇಳಿದ ಹಾಗೆ ಆಗುತ್ತದೆಯೇ? ನೋಟಿಸು ಬೋರ್ಡಿನಲ್ಲಿಲ್ಲ ಎಂದು ನಿಮ್ಮ ಜವಾನರೇ ಬಂದು ಹೇಳಿದಾಗ, ಸುಮ್ಮನಿರು ಎಂದವರು ಯಾರು? ಈ ಕಾಗದ ಮೂವತ್ತು ದಿನ ಇಲ್ಲಿಯೇ ಇರುತ್ತದೆ. ನಾನು ದಿನವೂ ಬಂದು ನೋಡುತ್ತೇನೆ. ನಿಮ್ಮ ಉತ್ತರವನ್ನು ಇದರ ಪಕ್ಕದಲ್ಲಿ, ರಸ್ತೆಯಿಂದಲೇ ಓದಬಹುದಾದ ಅಕ್ಷರದಲ್ಲಿ, ಹೇಳಿದವರ ಹೆಸರು ಹಾಕಿ ಅಂಟಿಸಿ."